ಕರಟದಲ್ಲಿ ಉಳಿದ ಬೋಲ್ಟು

ನಮ್ಮ ಹಳೇ ಮಾರುತಿ 800 ಒಂದು ಬೆಳಿಗ್ಗೆ ಕೆಮ್ಮಲು ಶುರುಮಾಡಿತು. ಪೇಟೆಯ ಗ್ಯಾರೇಜಿನವನು ಬಾನೆಟ್ ಎತ್ತಿ, ಒಮ್ಮೆ ಎಂಜಿನ್ನನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿ ಎಂಟು ಸಾವಿರ ಅಂದ. ದಂಡಿನಶಿವರದ ಕಡೆಯವರು ದುಡ್ಡನ್ನು ಕೊಬ್ಬರಿಯಲ್ಲಿ ಎಣಿಸುತ್ತೇವೆ. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿ, ಅಲ್ಲಾಡಿಸಿದರೆ ಒಳಗೇ ಲೊಟಲೊಟ ಅನ್ನುವ ಹೊತ್ತಿಗೆ ಸುಲಿದು ಒಡೆದು ತಿಪಟೂರಿಗೆ ಒಯ್ಯುವ ಉಂಡೆ ಕೊಬ್ಬರಿ. ಅದನ್ನು ಕೆಮ್ಮಿಗೆ ಸುರಿಯುವುದೆ?

ಮೂರೇ ಸಿಲಿಂಡರು, 796 ಸಿಸಿ. ಅದೇನು ಮಹಾ! ಪಂಚೆ ಎತ್ತಿ ಕಟ್ಟಿದೆ. ಕರಟಗಳನ್ನು ಸಾಲಾಗಿಟ್ಟು ಒಂದರಲ್ಲಿ ಬೋಲ್ಟು, ಇನ್ನೊಂದರಲ್ಲಿ ವಾಷರ್ ಹಾಕಿದೆ. ಪ್ಲಗ್ಗುಗಳ ಮಸಿಯನ್ನು ಎಮರಿ ಪೇಪರಿನಲ್ಲಿ ಉಜ್ಜಿ, ವೈರು ಸಿಕ್ಕಿಸಿ ಕೀಲಿ ತಿರುಗಿಸಿದೆ.

ಢಮಾರ್!

ಬೇಲಿಯಾಚೆಯಿಂದ ಪಕ್ಕದ ತೋಟದ ಹುಡುಗ ಇಣುಕಿದ. "ಏನಣ್ಣೋ, ಕೋತಿ ಓಡ್ಸಕ್ಕೆ ಪಟಾಕಿ ಹೊಡುದ್ರಾ?"

ಟ್ರ್ಯಾಕ್ಟರ್ ಬಿಚ್ಚಿ ಪಳಗಿದ ಕೈ ಅವನದು. ಈ ಎಂಜಿನ್ನಿನಲ್ಲಿ ಕಿಡಿ ಹಾರುವ ಸರದಿ 1-3-2 ಅಂತೆ. ನಾನು ಸ್ಕೂಲಿನಲ್ಲಿ ಕಲಿತದ್ದು 1-2-3. ವೈರನ್ನೂ ಹಾಗೇ ಜೋಡಿಸಿದ್ದೆ. ಎರಡು ವೈರು ಅದಲುಬದಲು ಮಾಡಿದ. ಗಾಡಿ ಕೆಮ್ಮದೆ ಗುರ್ ಅಂದಿತು. ಕೂಲಿ ಎರಡು ಎಳನೀರು, ಅದೂ ಅವನೇ ಮರ ಹತ್ತಿ ಕೆಡವಿಕೊಂಡದ್ದು.

ನಾನು ಮೀಸೆ ತಿರುವುವ ಹೊತ್ತಿಗೆ ನಮ್ಮವಳು ಕರಟ ಎತ್ತಿ ಅಲ್ಲಾಡಿಸಿದಳು. ಒಳಗೆ ಒಂದು ಬೋಲ್ಟು ಲೊಟಲೊಟ ಅಂದಿತು.

"ರೀ, ಇದ್ಯಾವ್ದು?"

"ಕಂಪನಿಯವರು ಒಂದು ಜಾಸ್ತಿನೇ ಕೊಟ್ಟಿರ್ತಾರೆ ಕಣೆ."

ಮರುದಿನ ತುರುವೇಕೆರೆಗೆ ಅವಳು ಬಸ್ಸಿನಲ್ಲಿ ಹೋದಳು.