ಏಳೆಂಟ್ಲೆ ಐವತ್ತಾರು

ಹೋದ ಗೌರಿ ಹಬ್ಬದಲ್ಲಿ ಮಂಗಳಾರತಿಯ ಹೊತ್ತಿಗೆ ನನ್ನ ಹೆಂಡತಿ, "ಪುಟ್ಟಿ, ಗಂಟೆ ಬಾರಿಸು" ಎಂದಳು. ಎಂಟು ವರ್ಷದ ಪುಟ್ಟಿ ಗಂಟೆ ಎತ್ತಿಕೊಂಡು, ನೆರೆದಿದ್ದ ಮುತ್ತೈದೆಯರತ್ತ ತಿರುಗಿ, "ಬೆಲ್ ಐಕಾನ್ ಒತ್ತೋದು ಮಾತ್ರ ಮರೀಬೇಡಿ ಫ್ರೆಂಡ್ಸ್" ಎಂದು ಘೋಷಿಸಿ ಬಾರಿಸತೊಡಗಿದಳು.

ಎಲ್ಲರೂ ನಕ್ಕರು. ಹೆಂಡತಿ ನಗಲಿಲ್ಲ. ಆರತಿ ತಟ್ಟೆಯ ಮೇಲಿಂದ ನನ್ನತ್ತ ಒಂದು ನೋಟ ಬಂತು. ನಮ್ಮ ಮನೆಯಲ್ಲಿ ಮೊಬೈಲಿನ ಅಪರಾಧಗಳೆಲ್ಲ ನನ್ನ ಖಾತೆಗೇ ಜಮಾ. ವೈಫೈ ಹಾಕಿಸಿದವನು ನಾನು, ಪುಟ್ಟಿ ಅನ್ನ ನುಂಗಲೆಂದು ಮೊದಲ ಸಲ ವಿಡಿಯೊ ತೋರಿಸಿದವನೂ ನಾನೇ. ಒಬ್ಬಟ್ಟು ಅರಗುವ ಮುನ್ನವೇ ಆಜ್ಞೆಯಾಯಿತು: "ಅದಕ್ಕೆ ಏನಾದ್ರೂ ಕಾವಲು ಹಾಕಿ."

ಕಾವಲು ಎಂದರೆ ನನಗೆ ಗೊತ್ತಿದ್ದುದು ಅಪ್ಪನ ಕಾವಲು. ಚಿತ್ರದುರ್ಗದ ನಮ್ಮ ಮನೆಯ ಕಪ್ಪು ಬಿಳುಪು ಟಿ.ವಿ.ಗೆ ಮರದ ಶಟರ್ ಇತ್ತು, ಶಟರಿಗೆ ಬೀಗವಿತ್ತು. ಭಾನುವಾರದ ರಾಮಾಯಣಕ್ಕೆ, ರಾತ್ರಿಯ ವಾರ್ತೆಗೆ ಮಾತ್ರ ಅದು ಗರ್ಭಗುಡಿಯ ಹಾಗೆ ಬಾಗಿಲು ತೆರೆಯುತ್ತಿತ್ತು. ಬೀಗದ ಕೈ ಅಪ್ಪನ ಉಡಿದಾರದಲ್ಲಿ. ಆದರೂ ಅಪ್ಪ ಬೀಗವನ್ನು ಪೂರ್ತಿ ನಂಬಿದವರಲ್ಲ. ಆಫೀಸಿನಿಂದ ಬಂದವರೇ, ಜ್ವರದ ಮಗುವಿನ ಹಣೆ ಮುಟ್ಟುವಂತೆ ಟಿ.ವಿ.ಯ ತಲೆ ಮೇಲೆ ಅಂಗೈ ಇಡುತ್ತಿದ್ದರು. ಅದು ಬಿಸಿಯಿದ್ದರೆ ನಮ್ಮ ಬೆನ್ನೂ ಬಿಸಿ.

1987ರ ಅಕ್ಟೋಬರ್ 31, ಶನಿವಾರ. ನಾಗಪುರದಲ್ಲಿ ನ್ಯೂಜಿಲೆಂಡ್ ಜೊತೆ ವಿಶ್ವಕಪ್ ಪಂದ್ಯ. ಬೆಳಗಿನ ಶಾಲೆ ಮುಗಿಸಿ ಬಂದ ಅಣ್ಣ ಅಮ್ಮನ ಹೇರ್‌ಪಿನ್ನಿನಿಂದ ಬೀಗ ತೆಗೆದ. ಚೇತನ್ ಶರ್ಮಾ ವಿಶ್ವಕಪ್ಪಿನ ಮೊಟ್ಟಮೊದಲ ಹ್ಯಾಟ್ರಿಕ್ ಪಡೆದದ್ದೂ ಅವತ್ತೇ, ಗಾವಸ್ಕರ್ ತಮ್ಮ ಏಕೈಕ ಏಕದಿನ ಶತಕ ಬಾರಿಸಿದ್ದೂ ಅವತ್ತೇ. ಅಮ್ಮ ನಡುಮನೆಯ ಹೊಸ್ತಿಲಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ನಾಲ್ಕು ಜನರ ಅಕ್ಕಿಗೆ ಅವತ್ತು ಅವಳಿಗೆ ಇಡೀ ಮಧ್ಯಾಹ್ನ ಹಿಡಿಯಿತು. ಸದ್ಯ, ನಮ್ಮ ಕಡೆ ಲಕ್ಷ್ಯವಿಲ್ಲ ಎಂದು ನಾವು ಹಿಗ್ಗಿದೆವು. ಪಂದ್ಯ ಮುಗಿದೊಡನೆ ಅಣ್ಣ ಟಿ.ವಿ.ಯ ಮೇಲೆ ಒದ್ದೆ ಟವಲು ಹೊದಿಸಿ ಬೀಸಣಿಗೆಯಿಂದ ಗಾಳಿ ಹಾಕಿದ. ಆ ವಿದ್ಯೆ ಅವನಿಗೆ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಸಂಜೆ ಅಪ್ಪನ ಅಂಗೈ ಇಳಿಯಿತು. ತಣ್ಣಗಿತ್ತು. ಖುಷಿಯಾದ ಅಪ್ಪ, ಆಫೀಸಿನ ಟ್ರಾನ್ಸಿಸ್ಟರಿನಲ್ಲಿ ಕೇಳಿದ ಗಾವಸ್ಕರ್ ಶತಕವನ್ನು ನಮಗೆ ಬೌಂಡರಿ ಬೌಂಡರಿಯಾಗಿ ವರ್ಣಿಸಿದರು. ನಾವು ಬಾಯಿ ಕಳೆದುಕೊಂಡು ಕೇಳಿದೆವು.

ಇಂಥ ಪರಂಪರೆಯ ಕಳ್ಳನೇ ಈಗ ಪೊಲೀಸಾಗಬೇಕಿತ್ತು.

ಮೊದಲು ಸಿಕ್ಕಿದ್ದು ಯೂಟ್ಯೂಬಿನೊಳಗೇ ಇರುವ 'ರಿಸ್ಟ್ರಿಕ್ಟೆಡ್ ಮೋಡ್'. ದೊಡ್ಡವರ ಸರಕನ್ನು ಸೋಸುವ ಜರಡಿ. ಆದರೆ ಯಾವ ಫೋನಿನಲ್ಲಿ ಗುಂಡಿ ಒತ್ತಿದೆವೋ ಅಲ್ಲಿ ಮಾತ್ರ ಜರಡಿ, ಪಕ್ಕದ ಫೋನಿನಲ್ಲಿ ಧಾರಾಳವಾಗಿ ಕಲ್ಲು. ಒತ್ತಿದ್ದನ್ನು ತೆಗೆಯುವುದೂ ಸಲೀಸು. ಆ ಗುಂಡಿ ಎಲ್ಲಿದೆಯೆಂದು ಹುಡುಕಲು ನನಗೆ ಅರ್ಧ ಗಂಟೆ ಹಿಡಿಯಿತು, ಪುಟ್ಟಿಗೆ ಅರ್ಧ ನಿಮಿಷ.

ಆಮೇಲೆ ಕಾಸು ಕೊಟ್ಟು ತರುವ ಬೇಹುಗಾರ ಆಪ್‌ಗಳು. ಮಗು ಏನು ನೋಡಿತು, ಏನು ಹುಡುಕಿತು, ಎಲ್ಲದರ ಚಾಡಿ ಹೇಳುತ್ತವೆ. ಒಂದನ್ನು ಏಳು ದಿನದ ಪುಕ್ಕಟೆ ಲೆಕ್ಕದಲ್ಲಿ ಹಾಕಿಕೊಂಡೆ. ಮೊದಲ ವರದಿ ಬಂತು. ಪುಟ್ಟಿ ಹುಡುಕಿದ್ದವು ಮೂರು: ಹಲ್ಲಿಯ ಬಾಲ ಮತ್ತೆ ಬೆಳೆಯುತ್ತಾ, ಮನೆಯಲ್ಲೇ ಸ್ಲೈಮ್ ಮಾಡೋದು ಹೇಗೆ, ಅಪ್ಪನ ತಲೇಲಿ ಕೂದಲು ಬರಿಸೋದು ಹೇಗೆ. ತಲೆ ಸವರಿಕೊಂಡೆ. ಇನ್ನೊಬ್ಬರ ಡೈರಿ ಕದ್ದು ಓದಿದವನಿಗೆ ತಕ್ಕ ಶಿಕ್ಷೆಯಾಯಿತೆಂದುಕೊಂಡು ಅದನ್ನು ಕಿತ್ತುಹಾಕಿದೆ.

ಮೂರನೆಯದು ಗೂಗಲ್ಲಿನ 'ಫ್ಯಾಮಿಲಿ ಲಿಂಕ್'. ಇದು ಸಂಭಾವಿತ. ದಿನಕ್ಕೆ ಇಷ್ಟು ಹೊತ್ತು ಎಂದು ಕಟ್ಟು ಹಾಕಬಹುದು, ರಾತ್ರಿ ಇಷ್ಟು ಗಂಟೆಗೆ ಫೋನನ್ನೇ ಮಲಗಿಸಬಹುದು. ಮಗುವಿಗೆ ಹೊಸ ಆಪ್ ಬೇಕಾದರೆ ಅರ್ಜಿ ನನ್ನ ಫೋನಿಗೆ ಬರುತ್ತದೆ. ಮೊದಲ ದಿನವೇ ಆಫೀಸಿನ ಮೀಟಿಂಗ್ ನಡುವೆ ಹದಿನಾಲ್ಕು ಅರ್ಜಿ ಬಂದವು. ತಹಶೀಲ್ದಾರರ ಬಗ್ಗೆ ಜೀವನದಲ್ಲಿ ಮೊದಲ ಬಾರಿ ಕನಿಕರ ಹುಟ್ಟಿತು.

ಅಷ್ಟರಲ್ಲಿ, ಮಗು ಎಂದರೆ ಎಷ್ಟು ವಯಸ್ಸಿನವರೆಗೆ ಎಂಬ ಜಿಜ್ಞಾಸೆ. ಗೂಗಲ್ ಪ್ರಕಾರ 13 ತುಂಬಿದರೆ ಸ್ವಂತ ಖಾತೆ. 2023ರಲ್ಲಿ ಬಂದ ನಮ್ಮ ದತ್ತಾಂಶ ರಕ್ಷಣೆಯ ಕಾಯ್ದೆಯ ಪ್ರಕಾರ 18 ತುಂಬುವವರೆಗೂ ಮಗುವೇ, ಅದರ ವಿವರ ಮುಟ್ಟಲು ಹೆತ್ತವರ ಒಪ್ಪಿಗೆ ಬೇಕು, ಅದೂ ತಾಳೆ ನೋಡಬಹುದಾದ ಒಪ್ಪಿಗೆ. ನಮ್ಮಮ್ಮನ ಕಾನೂನಿನಲ್ಲಿ ನನಗೇ ಇನ್ನೂ ಆ ವಯಸ್ಸು ಬಂದಿಲ್ಲ.

ನಾನು ಹೆತ್ತವನೇ ಹೌದೆಂದು ಫೋನಿಗೆ ನಂಬಿಸುವುದು ಹೇಗೆ? 2016ರಲ್ಲಿ ಭಾರತಕ್ಕೆ ಬಂದ 'ಯೂಟ್ಯೂಬ್ ಕಿಡ್ಸ್' ಇದಕ್ಕೊಂದು ಸರಳೋಪಾಯ ಇಟ್ಟಿದೆ. ದೊಡ್ಡವರ ಕೋಣೆಯ ಬಾಗಿಲು ತೆರೆಯಬೇಕಾದರೆ ಗುಣಾಕಾರದ ಲೆಕ್ಕ ಬಿಡಿಸಬೇಕು. ಮಗ್ಗಿ ಬಂದರೆ ತಂದೆ, ಬರದಿದ್ದರೆ ಮಗು. ನನಗೆ ಬಂದ ಪ್ರಶ್ನೆ ಏಳೆಂಟ್ಲೆ ಎಷ್ಟು ಎಂದು. ಕ್ಯಾಲ್ಕುಲೇಟರ್ ತೆರೆದು ತಂದೆಯಾದೆ.

ಒಳಗೆ ಹೋಗಿ 5ರಿಂದ 8 ವರ್ಷದವರ ವಿಭಾಗ ಆರಿಸಿದೆ, ಹುಡುಕಾಟ ಬಂದ್ ಮಾಡಿದೆ, ಮೂವತ್ತು ನಿಮಿಷಕ್ಕೆ ಟೈಮರ್ ಇಟ್ಟೆ. ಹೊತ್ತು ಮುಗಿದರೆ ಆಪ್ ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಉಡಿದಾರವಿಲ್ಲದೆ ಅಪ್ಪನಾದ ಹೆಮ್ಮೆ.

ಅದೇ ವಾರ ಮನೆಯಲ್ಲಿ ಒಂದು ಸಂತೋಷದ ಬೆಳವಣಿಗೆಯಾಯಿತು. ದೀಪ ಹಚ್ಚಿದ ಮೇಲೆ ಅಮ್ಮ ಮೊಮ್ಮಗಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಸತೊಡಗಿದಳು. "ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು..." ವರ್ಷವಿಡೀ ಟೀಚರು ತಲೆ ಚಚ್ಚಿಕೊಂಡರೂ ಐದರ ಮಗ್ಗಿ ದಾಟದಿದ್ದ ಹುಡುಗಿ ಹದಿನೈದು ದಿನದಲ್ಲಿ ಹನ್ನೆರಡರವರೆಗೆ ಒಪ್ಪಿಸಿದಳು. ಸಂಸ್ಕಾರ ಎಂದರೆ ಇದು ಎಂದು ನನಗೆ ಗಂಟಲು ಕಟ್ಟಿತು. ಮೂವತ್ತು ನಿಮಿಷದ ಟೈಮರು ಎರಡು ಗಂಟೆಯಾದರೂ ಯಾಕೆ ಮುಗಿಯುತ್ತಿಲ್ಲ ಎಂಬುದು ತಲೆಗೆ ಹೊಳೆಯಲು ಇನ್ನೂ ಒಂದು ವಾರ ಬೇಕಾಯಿತು.

ಮಗ್ಗಿ ತೆಗೆದು, ನನ್ನದೇ ನಾಲ್ಕಂಕಿಯ ಗುಟ್ಟಿನ ಸಂಖ್ಯೆ ಹಾಕಿದೆ. ಅದು ಎರಡು ದಿನ ಬಾಳಿತು. ಅಮ್ಮನನ್ನೇ ನೇರವಾಗಿ ಕೇಳಿದೆ. "ನೀನು ಹುಟ್ಟಿದ ವರ್ಷ ತಾನೆ? ಹೆತ್ತವಳಿಗೆ ಅಷ್ಟೂ ನೆನಪಿರಲ್ವೇನೋ?" ಎಂದಳು. ತಾಳೆ ನೋಡಬಹುದಾದ ಹೆತ್ತವರ ಒಪ್ಪಿಗೆ ಎಂದರೆ ಬಹುಶಃ ಇದೇ.

ದುರ್ಗದ ಹುಡುಗರಿಗೆ ಕೋಟೆಯ ಪಾಠ ಬೇರೆ ಹೇಳಬೇಕಿಲ್ಲ. ಏಳು ಸುತ್ತು ಕಟ್ಟಿದರೂ ಒಂದು ಕಿಂಡಿ ಉಳಿದೇ ಉಳಿಯುತ್ತದೆ. ಅಲ್ಲಿ ಒನಕೆ ಹಿಡಿದ ಓಬವ್ವ ಇದ್ದರೆ ಕೋಟೆ ಉಳಿಯುತ್ತದೆ. ನಮ್ಮ ಮನೆಯ ಓಬವ್ವನೋ ಕಿಂಡಿಗೆ ಅಡ್ಡವಿದ್ದ ಕಲ್ಲು ಸರಿಸಿ, "ತಲೆ ತಗ್ಗಿಸ್ಕೊಂಡು ಬಾ ಮಗಾ" ಎನ್ನುತ್ತಿದ್ದಳು.

ಕೊನೆಗೆ ಎಲ್ಲ ಆಪ್ ಬಿಟ್ಟು ಅಪ್ಪನ ವಿಧಾನಕ್ಕೇ ಬಂದೆ. ಸಂಜೆ ಮನೆಗೆ ಬಂದವನೇ ಫೋನುಗಳ ಬೆನ್ನು ಮುಟ್ಟಿ ನೋಡುವುದು. ಒಂದು ವಾರ ಎಲ್ಲವೂ ತಣ್ಣಗಿದ್ದವು. ಮೊನ್ನೆ ಮಾತ್ರ ಹೇಳದೆ ಕೇಳದೆ ನಾಲ್ಕು ಗಂಟೆಗೇ ಬಂದೆ. ಅಡುಗೆಮನೆಯಲ್ಲಿ ಅಜ್ಜಿ ಮೊಮ್ಮಗಳು ಒಂದೇ ಮಣೆಗೆ ಅಂಟಿಕೊಂಡು ಕೂತಿದ್ದರು. ಫೋನಿನಲ್ಲಿ ಯಾರೋ ಹುಡುಗ ಸ್ಲೈಮ್ ಕಲಸುತ್ತಿದ್ದ. "ಥೂ, ಕೈ ತೊಳ್ಕೊಂಡು ಕಲಸಬಾರ್ದಾ? ಹಿಟ್ಟು ನೀರಾಯ್ತು ನೋಡು" ಎಂದು ಅಮ್ಮ ಅವನಿಗೆ ಬೈಯುತ್ತಿದ್ದಳು. ಪುಟ್ಟಿ ಬಿದ್ದು ಬಿದ್ದು ನಗುತ್ತಿದ್ದಳು. ನನ್ನನ್ನು ಕಂಡದ್ದೇ ಅಮ್ಮ ಫೋನನ್ನು ಮಣ್ಣಿನ ಮಡಕೆಯ ಮುಚ್ಚಳದ ಮೇಲೆ ಮಗುಚಿದಳು. ಮುಚ್ಚಳದ ಮೇಲೆ ಮಡಿಸಿಟ್ಟ ಒದ್ದೆ ಬಟ್ಟೆ ಮೊದಲೇ ಸಿದ್ಧವಾಗಿತ್ತು.

ಒದ್ದೆ ಬಟ್ಟೆ. ಹೇರ್‌ಪಿನ್ನು. ಮಧ್ಯಾಹ್ನವಿಡೀ ಮುಗಿಯದ ಅಕ್ಕಿ.

"ಅಮ್ಮಾ, ಅವತ್ತು ಅಣ್ಣನಿಗೆ..." ಎಂದೆ.

ಅಮ್ಮ ಬಟ್ಟೆಯ ಮಡಿಕೆ ಸರಿಮಾಡಿದಳು. "ಮತ್ತೆ? ಆ ಬೀಗ ನಿಮ್ಮಿಬ್ಬರಿಗೆ ಮಾತ್ರ ಹಾಕಿದ್ದು ಅಂದ್ಕೊಂಡ್ಯಾ?" ಎಂದಳು. ಆಮೇಲೆ ಬಾಲ್ಕನಿಯತ್ತ ಕತ್ತು ಚಾಚಿ, ಪೇಪರಿನ ಹಿಂದೆ ತೂಕಡಿಸುತ್ತಿದ್ದ ಅಪ್ಪನನ್ನು ನೋಡಿ ದನಿ ತಗ್ಗಿಸಿದಳು: "ಅವರಿಗೆ ಹೇಳ್ಬೇಡ."