ನೆರೆಯವನನ್ನು ಪ್ರೀತಿಸುವ ಕಷ್ಟ

ಸಮಸ್ತ ಮಾನವಕುಲವನ್ನು ಪ್ರೀತಿಸುವುದು ಅತ್ಯಂತ ಸುಲಭವಾದ ಕಾರ್ಯ. ಕಾಂಗೋ ದೇಶದ ಅರಣ್ಯಗಳಲ್ಲಿಯೂ ಚೀನಾ ದೇಶದ ಬಯಲುಗಳಲ್ಲಿಯೂ ವಾಸಿಸುವ ಕೋಟ್ಯನುಕೋಟಿ ಜನರ ಮೇಲೆ ನನಗೆ ಅಪಾರವಾದ ಮಮತೆಯುಂಟು. ಅವರಲ್ಲಿ ಒಬ್ಬನಾದರೂ ಆಷಾಢದಲ್ಲಿ ನನ್ನ ಕೊಡೆಯನ್ನು ಕೇಳಿ ಒಯ್ದು ದೀಪಾವಳಿಗೆ ಹಿಂದಿರುಗಿಸಿದವನಲ್ಲ. ಆದರೆ ಸುವಾರ್ತೆಯು ನೆರೆಯವನನ್ನು ಪ್ರೀತಿಸೆಂದು ವಿಧಿಸಿ, ಆ ನೆರೆಯವನನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಮಾತ್ರ ನಮಗೆ ಕೊಡದೆ ಇಟ್ಟುಕೊಂಡಿದೆ.

ನನ್ನ ಪಾಲಿಗೆ ಬಂದ ನೆರೆಯವರು ದೇವಾಲಯದಲ್ಲಿ ನನ್ನ ಬೆಂಚಿನ ಬಲತುದಿಯಲ್ಲಿ ಆಸೀನರಾಗುವ ನಿವೃತ್ತ ಮಾಸ್ತರರೊಬ್ಬರು. ಹೆಸರು ಬೇಡ, ಇಂಥವರು ಪ್ರತಿಯೊಂದು ಸಭೆಯಲ್ಲಿಯೂ ಇದ್ದೇ ಇರುವುದರಿಂದ ವಾಚಕರು ತಮಗೆ ಪರಿಚಿತವಾದ ಮುಖವನ್ನೇ ಇಲ್ಲಿ ಕಲ್ಪಿಸಿಕೊಳ್ಳಬಹುದು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರ ದೆಸೆಯಿಂದ ನಮ್ಮವರು ಜರ್ಮನ್ ರಾಗಗಳನ್ನು ನಾಲ್ಕು ಧ್ವನಿಗಳಲ್ಲಿ ಹಾಡಲು ಕಲಿತರಷ್ಟೆ. ಮಾಸ್ತರರು ಸ್ವಂತ ಪರಿಶ್ರಮದಿಂದ ಐದನೆಯದೊಂದನ್ನು ಸೇರಿಸಿದ್ದಾರೆ. ಆರ್ಗನ್ನು ಮುಂದಿನ ಸಾಲಿಗೆ ದಾಟಿಹೋದ ಮೇಲೂ ಅವರು ಹಿಂದಿನ ಸಾಲಿನ ಕೊನೆಯ ಅಕ್ಷರವನ್ನು ಬಿಡದೆ ಹಿಡಿದುಕೊಂಡು, ಅವಸರಪಟ್ಟನೆಂದು ನುಡಿಸುವ ಹುಡುಗನ ಕಡೆಗೆ ಕೆಂಗಣ್ಣು ಬೀರುತ್ತಾರೆ. ಮನೆಯಲ್ಲಿ ಸಂಗೀತ ಪುಸ್ತಕವಿದ್ದರೂ ಅದನ್ನು ತಾರದೆ ನನ್ನದಕ್ಕೆ ಕೈಚಾಚಿ, ತೋರುಬೆರಳನ್ನು ನಾಲಗೆಗೆ ಮುಟ್ಟಿಸಿ ಹಾಳೆಗಳನ್ನು ಮಗುಚುತ್ತಾರೆ. ಅಯ್ಯನವರು ಪ್ರಸಂಗಪೀಠವನ್ನೇರಿ ಕರುಣೆಯ ವಿಷಯವಾಗಿ ನಾಲ್ಕು ಮಾತನ್ನಾಡುವಷ್ಟರಲ್ಲಿ, "ಅಧ್ಯಾಯ ತಪ್ಪಿದರು" ಎಂದು ನನ್ನ ಕಿವಿಯಲ್ಲಿ ಉಸುರುತ್ತಾರೆ. ಅವರ ತಿದ್ದುಪಡಿ ಸಾಮಾನ್ಯವಾಗಿ ಸರಿಯಾಗಿಯೇ ಇರುವುದೆಂಬುದು ಇನ್ನೂ ದೊಡ್ಡ ಸಂಕಟ.

ಕ್ರಿಸ್ಮಸ್ ಹಬ್ಬಕ್ಕೆ ನಮ್ಮಾಕೆ ನೆವ್ರಿ, ಗುಳಿಯೊ, ಚಕ್ಕುಲಿಗಳನ್ನು ಅಂದವಾಗಿ ಜೋಡಿಸಿದ ಕುಸ್ವಾರಿನ ತಟ್ಟೆಯೊಂದನ್ನು, ಕಸೂತಿಯ ಬಟ್ಟೆ ಮುಚ್ಚಿ, ಅವರ ಮನೆಗೆ ಕಳುಹಿಸಿದಳು. ಮರುದಿನ ಸ್ವತಃ ಮಾಸ್ತರರೇ ತಟ್ಟೆಯೊಂದಿಗೆ ಆಗಮಿಸಿ, "ಏನಯ್ಯಾ, ನೆವ್ರಿಗೆ ಎಳ್ಳು ಹಾಕುವ ಪದ್ಧತಿ ನಿಮ್ಮ ಮನೆಯಲ್ಲಿ ಇಲ್ಲವೋ?" ಎಂದು ವಿಚಾರಿಸಿದರು. ಕೊಟ್ಟ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ಊರಿನ ಮರ್ಯಾದೆಯನ್ನು ಅವರು ಹೀಗೆ ಪಾಲಿಸಿದರು.

ಇಂಥ ಸಂದರ್ಭದಲ್ಲಿ ಪೇತ್ರನ ಪ್ರಶ್ನೆ ಜ್ಞಾಪಕಕ್ಕೆ ಬಾರದಿರದು. ತನಗೆ ತಪ್ಪುಮಾಡುವ ಸಹೋದರನನ್ನು ಏಳು ಬಾರಿ ಕ್ಷಮಿಸಿದರೆ ಸಾಕೇ ಎಂದು ಅವನು ಗುರುವನ್ನು ಕೇಳಿದನು. ಸ್ವಂತ ಸಹೋದರನೊಡನೆ ಸೇರಿ ಬಲೆ ಬೀಸಿ ಬದುಕಿದವನ ಬಾಯಿಂದ ಈ ಪ್ರಶ್ನೆ ಬಂದುದು ಸಹಜವೇ ಆಗಿದೆ. ದೊರೆತ ಉತ್ತರ ಏಳೆಪ್ಪತ್ತು ಬಾರಿ, ಎಂದರೆ 490. ವರ್ಷಕ್ಕೆ 52 ಭಾನುವಾರಗಳಂತೆ, ವಾರಕ್ಕೊಂದೇ ಅಪರಾಧವೆಂದು ಹಿಡಿದರೂ, ಒಂಬತ್ತು ವರ್ಷ ಐದು ತಿಂಗಳಿಗೆ ಈ ಖಾತೆ ತೀರಿಹೋಗಬೇಕು. ಆದರೆ ಲೆಕ್ಕವಿಡುವವನು ಕ್ಷಮಿಸಿದವನೇ ಅಲ್ಲವೆಂಬುದು ವಾಕ್ಯದ ಅಭಿಪ್ರಾಯವೆಂದು ಅಯ್ಯನವರು ವಿವರಿಸಿ ನನ್ನ ಗಣಿತಕ್ಕೆ ತಣ್ಣೀರೆರಚಿದರು.

ಈ ವಿದ್ಯೆಯಲ್ಲಿ ನನಗೆ ನಿಜವಾದ ಗುರುವಾಗಿ ದೊರೆತವಳು, ನಾನು ಪ್ರೊಟೆಸ್ಟೆಂಟ್ ಪಂಗಡದವನಾಗಿದ್ದರೂ ಸಂಕೋಚವಿಲ್ಲದೆ ಹೇಳುವೆನು, ಫ್ರಾನ್ಸಿನ ಲಿಸ್ಯೂ ಪಟ್ಟಣದ ಕಾರ್ಮೆಲ್ ಮಠದಲ್ಲಿದ್ದು 1897ರಲ್ಲಿ ಕೇವಲ ಇಪ್ಪತ್ತನಾಲ್ಕರ ಪ್ರಾಯದಲ್ಲಿ ತೀರಿಕೊಂಡ ಸಂತ ತೆರೇಸಾ. ಪವಾಡಗಳ ಮಾತು ಹಾಗಿರಲಿ; ಆಕೆ ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟ ಕ್ಷುಲ್ಲಕ ಸಂಗತಿಗಳೇ ನನಗೆ ಅಮೂಲ್ಯ. ಬಟ್ಟೆ ಒಗೆಯುವಾಗ ಎದುರಿಗಿದ್ದ ಸೋದರಿಯೊಬ್ಬಳು ಕೊಳೆನೀರನ್ನು ಮುಖಕ್ಕೆ ಸಿಡಿಸುತ್ತಿದ್ದರೂ ತೆರೇಸಾ ಹಿಂದೆ ಸರಿಯಲಿಲ್ಲ. ನಡೆಯಲಾರದ ಮುದಿ ಸನ್ಯಾಸಿನಿಯೊಬ್ಬಳನ್ನು ಸಾಯಂಕಾಲ ಭೋಜನಶಾಲೆಗೆ ಕರೆದೊಯ್ಯುವ ಕೆಲಸವನ್ನು ತಾನಾಗಿಯೇ ವಹಿಸಿಕೊಂಡಳು. ಬೇಗ ನಡೆದರೆ ಬೀಳಿಸುತ್ತೀಯೆಂದು ಆ ವೃದ್ಧೆ ಗೊಣಗುವಳು. ನಿಧಾನಿಸಿದರೆ ಕೈಬಿಟ್ಟೆಯೆಂದು ಆಕ್ಷೇಪಿಸುವಳು. ಏನೂ ತೋಚದಿದ್ದರೆ, ಇಂಥ ಎಳೆಯವಳಿಂದ ಇದಾಗದೆಂದು ಮೊದಲೇ ಹೇಳಿರಲಿಲ್ಲವೇ ಎನ್ನುವಳು. ಎಲ್ಲವನ್ನೂ ಕೇಳಿಕೊಂಡು ಆಕೆಯನ್ನು ಕುಳ್ಳಿರಿಸಿ, ಉಡುಪಿನ ತೋಳುಗಳನ್ನು ಆಕೆಗೆ ಬೇಕಾದಂತೆಯೇ ಮಡಚಿ, ಸೊಟ್ಟಗಾದ ಬೆರಳುಗಳಿಂದ ರೊಟ್ಟಿ ಕತ್ತರಿಸಲಾರಳೆಂಬುದನ್ನು ಕಂಡು ಅದನ್ನೂ ಕತ್ತರಿಸಿಕೊಟ್ಟು, ಒಂದು ಮುಗುಳ್ನಗೆ ಬೀರಿ ಹೊರಡುವುದು ತೆರೇಸಾಳ ನಿತ್ಯಕ್ರಮವಾಗಿತ್ತು. ಇನ್ನೊಬ್ಬ ಸೋದರಿಯ ವಿಷಯದಲ್ಲಿ ಆಕೆಗೆ ಎಷ್ಟು ಅಸಹನೆಯಿತ್ತೆಂದರೆ, ನಗು ಸಾಲದೆ ಬಂದಾಗ ರಣರಂಗದಿಂದ ತಪ್ಪಿಸಿಕೊಳ್ಳುವ ಸಿಪಾಯಿಯಂತೆ ಓಡಿಹೋಗುತ್ತಿದ್ದಳಂತೆ. ಇಷ್ಟಾದರೂ ಆ ಸೋದರಿಯು, ನನ್ನಲ್ಲಿ ನೀನು ಮೆಚ್ಚಿದ್ದಾದರೂ ಏನೆಂದು ಸಂತೋಷದಿಂದ ಕೇಳಿದಳಂತೆ!

ಈ ಓಡಿಹೋಗುವ ಉಪಾಯವು ನನಗೆ ಬಹಳ ಸಮಾಧಾನವನ್ನು ತಂದಿದೆ. ಅಪೊಸ್ತಲರಲ್ಲಿಯೂ ಇದಕ್ಕೆ ಆಧಾರವುಂಟು: ಯೋಹಾನ ಮಾರ್ಕನನ್ನು ಪ್ರಯಾಣಕ್ಕೆ ಕರೆದೊಯ್ಯುವ ವಿಷಯದಲ್ಲಿ ಪೌಲನಿಗೂ ಬಾರ್ನಬನಿಗೂ ತೀಕ್ಷ್ಣ ವಾಗ್ವಾದ ಹುಟ್ಟಿ, ಬಾರ್ನಬನು ಮಾರ್ಕನೊಡನೆ ಸೈಪ್ರಸ್ ದ್ವೀಪಕ್ಕೂ ಪೌಲನು ಸೀಲನೊಡನೆ ಸಿರಿಯಾ ಕಡೆಗೂ ಹೊರಟುಹೋದರು. ಆದರೆ ಅದೇ ಮಾರ್ಕನನ್ನು, ಅವನು ತನ್ನ ಸೇವೆಗೆ ಉಪಯುಕ್ತನೆಂದು ಬರೆದು, ಕರೆದುಕೊಂಡು ಬಾ ಎಂದು ತಿಮೊಥೆಯನಿಗೆ ತಿಳಿಸಿದ ಮಾತು ಪೌಲನ ಪತ್ರದಲ್ಲಿದೆ. ದೂರ ಸರಿಯುವುದು ಕರುಣೆಗೆ ವಿರೋಧವಲ್ಲ. ಸರಿದವನು ಹಿಂದಿರುಗುವ ದಾರಿಗೆ ಬೇಲಿ ಹಾಕಬಾರದಷ್ಟೆ.

ಆದುದರಿಂದ ಈಗ ನಾನು ಕೀರ್ತನೆಯ ಸಂಖ್ಯೆ ಹೇಳಿದೊಡನೆ ಹಾಳೆಯನ್ನು ನಾನೇ ತಿರುವಿ, ಪುಸ್ತಕವನ್ನು ಮಾಸ್ತರರ ಕೈಗಿಡುತ್ತೇನೆ. ಸತ್ಕ್ರಿಯೆಗಳಿಂದ ರಕ್ಷಣೆ ದೊರೆಯದೆಂದು ಲೂಥರನು ಬೋಧಿಸಿದ್ದಾನೆ. ಆದರೂ ಹಾಳೆಗಳಿಗಂತೂ ರಕ್ಷಣೆ ದೊರೆತಿದೆ. ಮಾಸ್ತರರ ಮೇಲೆ ನನಗೆ ಪ್ರೀತಿ ಉಕ್ಕಿತೆಂದು ಹೇಳಲಾರೆ. ಸುವಾರ್ತೆಯು ಉಕ್ಕಬೇಕೆಂದು ಎಲ್ಲಿಯೂ ಕೇಳಿಲ್ಲ. ಹಸಿದ ವೈರಿಗೆ ಊಟ ಕೊಡೆಂದು ಮಾತ್ರ ಸತ್ಯವೇದವು ಹೇಳಿದೆ, ಆ ಊಟಕ್ಕೆ ಎಳ್ಳು ಸಾಲದೆಂದು ಅವನು ಹೇಳಕೂಡದೆಂದು ಹೇಳಿಲ್ಲ. ಇಂಥ ನೆರೆಯವರುಳ್ಳ ವಾಚಕ ಮಹಾಶಯರೇ, ಹೃದಯ ಕರಗುವವರೆಗೆ ಕಾಯಬೇಡಿರಿ, ಅದು ತಡವಾಗಬಹುದು. ಕೈಗೆ ಸಿಕ್ಕಿದ ಚಿಕ್ಕ ಉಪಕಾರವನ್ನು ಮಾಡಿಬಿಡಿರಿ, ಸಹನೆ ಮುಗಿದರೆ ಪಕ್ಕದ ಬಾಗಿಲಿನಿಂದ ನುಸುಳಿರಿ, ಮುಂದಿನ ಭಾನುವಾರ ಮಾತ್ರ ತಪ್ಪದೆ ಅದೇ ಬೆಂಚಿಗೆ ಬನ್ನಿರಿ.