ಹೆಸರಿಗೂ ಒಂದು ಪಹಣಿ ಬೇಕಕ್ಕ

ಅಕ್ಕಾ, ಒಂದ್ನಿಮಿಷ ಈ ಕಡೆ ಬಾ. ನಿನ್ನ ರಾಗಿ ಹುರಿಹಿಟ್ಟು ಈಗ ಶಿಡ್ಲಘಟ್ಟದ ಅಂಗಡಿಗೂ ಹೋಗ್ತಿದೆಯಂತೆ, ಕೇಳಿ ತುಂಬ ಖುಷಿ ಆಯ್ತು. ಮೊದಲು ನೀನು ಮೇಣದ ಬತ್ತಿಗೆ ಹಿಡಿದು ಪಾಕೀಟಿನ ಬಾಯಿ ಅಂಟಿಸ್ತಿದ್ದೆ, ಈಗ ಬಣ್ಣದ ಲೇಬಲ್ಲೇ ಬಂದಿದೆ. ಅದರ ಮೇಲಿರೋ ಹೆಸರು ರಿಜಿಸ್ಟರ್ ಮಾಡಿಸಿದ್ದೀಯ?

ಫುಡ್ ಲೈಸೆನ್ಸ್ ಇದೆ ಅಂತೀಯ. ಅದು ಮಾರೋದಕ್ಕೆ ಅನುಮತಿ ಅಷ್ಟೇ, ಹೆಸರಿನ ಮೇಲೆ ಹಕ್ಕು ಕೊಡಲ್ಲ. ಹೊಲಕ್ಕೆ ಪಹಣಿ ಇದ್ದ ಹಾಗೆ ಹೆಸರಿಗೆ ಟ್ರೇಡ್‌ಮಾರ್ಕ್. ನಾಳೆ ಇನ್ಯಾರೋ ಅದೇ ಹೆಸರು ಹಾಕಿ ಮುಗ್ಗಲು ಹಿಟ್ಟು ಮಾರಿದರೆ ಬೈಗುಳ ತಿನ್ನೋಳು ನೀನು. ರಿಜಿಸ್ಟರ್ ಮಾಡಿಸದಿದ್ರೂ ಮೊದಲು ಬಳಸಿದವರಿಗೆ ಹಕ್ಕುಂಟು ನಿಜ, ಆದರೆ ಹಳೇ ಬಿಲ್ಲು, ಸಾಕ್ಷಿ ಎಲ್ಲ ಹೊತ್ಕೊಂಡು ಕೋರ್ಟಿಗೆ ಅಲೆಯಬೇಕು.

ದಿನಾ ಡೇರಿಗೆ ಹಾಲು ಹಾಕ್ತೀವಲ್ಲ, ಆ ನಂದಿನಿ ಕತೆ ಕೇಳು. ಹಾಲು ಮಹಾಮಂಡಳ ಕೆಎಂಎಫ್ ಆ ಹೆಸರು ಹಿಡಿದಿದ್ದು 1985ರಲ್ಲಿ. ಬೆಂಗಳೂರಿನ ನಂದಿನಿ ಹೋಟೆಲಿನವರು 1989ರಿಂದ ಅದೇ ಹೆಸರಲ್ಲಿ ಊಟ ಬಡಿಸ್ತಿದ್ದರು. ಅವರು ಹೆಸರು ನೋಂದಾಯಿಸೋಕೆ ಹೋದಾಗ ಕೆಎಂಎಫ್ ತಕರಾರು ತೆಗೀತು. ವ್ಯಾಜ್ಯ ಸುಪ್ರೀಂ ಕೋರ್ಟ್ ಮುಟ್ಟಿ, 2018ರ ಜುಲೈ 26ಕ್ಕೆ ತೀರ್ಪು ಬಂತು: ಹಾಲು, ಹಾಲಿನ ಪದಾರ್ಥ ಬಿಟ್ಟು ಉಳಿದದ್ದಕ್ಕೆ ಹೋಟೆಲಿನವರು ಇಟ್ಕೋಬಹುದು. ನಂದಿನಿ ಅನ್ನೋದು ದೇವಲೋಕದ ಹಸುವಿನ ಹೆಸರು, ಒಬ್ಬರೇ ಪೂರ್ತಿ ನಮ್ಮದು ಅನ್ನೋಕಾಗಲ್ಲ. ನನಗಂತೂ ಸರಿಯಾದ ತೀರ್ಪೇ ಅನ್ಸುತ್ತೆ. ಹಾಲು ಹಾಕೋ ನಮಗೆ ಬೇಕಾದ್ದು ಹಾಲಿನ ಮೇಲಿನ ಹೆಸರು, ಅದು ಗಟ್ಟಿಯಾಗಿ ಉಳೀತಲ್ಲ.

ಅದಕ್ಕೇ ದೇವರ ಹೆಸರು ಬೇಡ. ‘ಸಾದಲಿ’ ಅಂತ ಊರ ಹೆಸರು, ‘ಶುದ್ಧ’, ‘ರುಚಿ’ ಅಂತ ಗುಣ ಹೇಳೋ ಮಾತು, ಇವಕ್ಕೂ ಸುಲಭಕ್ಕೆ ಹಕ್ಕು ಸಿಗಲ್ಲ. ಯಾರೂ ಇಡದ ಹೊಸ ಹೆಸರು ಕಟ್ಟು.

ಖರ್ಚು ಜಾಸ್ತಿ ಇಲ್ಲ. ಒಬ್ಬರೇ ನಡೆಸೋ ವ್ಯಾಪಾರಕ್ಕೆ ಆನ್‌ಲೈನ್ ಅರ್ಜಿ ಶುಲ್ಕ ಸರಕಿನ ಒಂದು ವರ್ಗಕ್ಕೆ 4,500 ರೂಪಾಯಿ. ಹಿಟ್ಟು, ಮಸಾಲೆ ಬರೋದು 30ನೇ ವರ್ಗಕ್ಕೆ. ನಮಗೆ ಟ್ರೇಡ್‌ಮಾರ್ಕ್ ಕಚೇರಿ ಇರೋದು ಚೆನ್ನೈನಲ್ಲಿ. ಅರ್ಜಿಯನ್ನ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟಿಸಿ 4 ತಿಂಗಳು ತಕರಾರಿಗೆ ಬಿಡ್ತಾರೆ. ಸರ್ಟಿಫಿಕೇಟ್ ತಡವಾದ್ರೂ ಹಕ್ಕು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ, 10 ವರ್ಷಕ್ಕೊಮ್ಮೆ ನವೀಕರಿಸಬೇಕು. ಆಮೇಲೆ ಆ ಹೆಸರನ್ನ ಬಾಡಿಗೆಗೆ ಕೊಡಬಹುದು, ಮಾರಬಹುದು, ಮಗಳಿಗೂ ಬರೆದುಕೊಡಬಹುದು.

ಮುಂದಿನ ಕಟ್ಟು ಲೇಬಲ್ ಪ್ರಿಂಟಿಗೆ ಕೊಡೋ ಮುಂಚೆ ಮಗಳ ಕೈಲಿ ನೀನು ಕಟ್ಟಿದ ಹೆಸರು ಟ್ರೇಡ್‌ಮಾರ್ಕ್ ವೆಬ್‌ಸೈಟಲ್ಲಿ ಹುಡುಕಿಸಕ್ಕ. ಖಾಲಿ ಇದ್ರೆ ಅವತ್ತೇ ಅರ್ಜಿ ಹಾಕಿಬಿಡು.